ಹಳೆಯ ಮನೆಯ ಬಿಸಿ ಎಲ್ಲಿ ಸೋರುತ್ತಿದೆ? ಯು-ಮೌಲ್ಯ, ಗಾಳಿ ಮತ್ತು ತೇವದ ಟಿಪ್ಪಣಿ

ಹೊಸ ಮನೆಗಾದರೆ ನಕ್ಷೆ ಇರುತ್ತದೆ. ಗೋಡೆಯಲ್ಲಿ ಏನೇನಿದೆ, ಎಷ್ಟು ದಪ್ಪ ಎಂದು ಅದನ್ನು ನೋಡಿಯೇ ಹೇಳಬಹುದು. ಹಳೆಯ ಮನೆಯಲ್ಲಿ ಹಾಗಲ್ಲ. ಒಳಗೆ ಟೊಳ್ಳಿದೆಯೋ, ತೇವ ಹಿಡಿದಿದೆಯೋ, ಮಧ್ಯೆ ಯಾರಾದರೂ ಗೋಡೆ ಒಡೆದು ಪೈಪ್ ಎಳೆದಿದ್ದಾರೋ, ಹೊರಗಿನಿಂದ ಗೊತ್ತಾಗುವುದಿಲ್ಲ. ಅದಕ್ಕೇ ಈ ವಿಷಯದಲ್ಲಿ ಅರ್ಧ ಕೆಲಸ ಪತ್ತೆ ಹಚ್ಚುವುದೇ. ಈ ಟಿಪ್ಪಣಿಯಲ್ಲಿ ಒಂದು ಗೋಡೆಯನ್ನು ಹಿಡಿದುಕೊಂಡು ಕೊನೆಯವರೆಗೂ ಹೋಗೋಣ. ಕ್ಯಾಲ್ಕುಲೇಟರ್ ಪಕ್ಕದಲ್ಲಿಟ್ಟುಕೊಳ್ಳಿ, ಒಮ್ಮೆ ಕೈಯಾರೆ ಮಾಡಿದರೆ ಮರೆಯುವುದಿಲ್ಲ.

ಮೊದಲು ಎರಡು ಪದ. ಆರ್-ಮೌಲ್ಯ ಅಂದರೆ ಶಾಖ ದಾಟದಂತೆ ಒಂದು ಪದರ ಒಡ್ಡುವ ತಡೆ. ದಪ್ಪವನ್ನು ಮೀಟರಿನಲ್ಲಿ ಬರೆದು, ಆ ವಸ್ತುವಿನ ಉಷ್ಣ ವಾಹಕತೆಯಿಂದ (ಅದು ಶಾಖವನ್ನು ಎಷ್ಟು ಸುಲಭವಾಗಿ ದಾಟಿಸುತ್ತದೆ ಎಂಬ ಅಳತೆ) ಭಾಗಿಸಿದರೆ ಅದು ಸಿಗುತ್ತದೆ. ಎಲ್ಲ ಪದರಗಳ ಆರ್ ಕೂಡಿಸಿ, 1 ಅನ್ನು ಆ ಮೊತ್ತದಿಂದ ಭಾಗಿಸಿದರೆ ಬರುವುದು ಯು-ಮೌಲ್ಯ. ಒಳಗೂ ಹೊರಗೂ 1 ಡಿಗ್ರಿ ವ್ಯತ್ಯಾಸವಿದ್ದಾಗ 1 ಚದರ ಮೀಟರ್ ಗೋಡೆಯಿಂದ ಎಷ್ಟು ವಾಟ್ ಶಾಖ ದಾಟುತ್ತದೆ ಎಂಬುದೇ ಯು. ಅದು ಕಡಿಮೆಯಿದ್ದಷ್ಟೂ ಒಳ್ಳೆಯದು.

ಈಗ ಗೋಡೆ. 230 ಮಿ.ಮೀ. ಇಟ್ಟಿಗೆ, ವಾಹಕತೆ 0.77 ಎಂದಿಟ್ಟುಕೊಳ್ಳಿ. ಆರ್ ಸುಮಾರು 0.30. ಒಳಗಿನ ಪ್ಲಾಸ್ಟರ್‌ಗೆ 0.03. ಗೋಡೆಯ ಎರಡೂ ಮೈಗೆ ಅಂಟಿಕೊಂಡಿರುವ ಗಾಳಿಯ ತೆಳು ಪದರವೂ ತಡೆಯೇ: ಒಳಗೆ 0.13, ಹೊರಗೆ 0.04. ಇದನ್ನು ಬಿಟ್ಟುಬಿಡುವವರು ಜಾಸ್ತಿ, ಆದರೆ ಇಲ್ಲಿ ಮೂರನೇ ಒಂದು ಭಾಗ ತಡೆ ಇದರದ್ದೇ! ಒಟ್ಟು 0.50. ಯು = 2.0. ಗೋಡೆ 10 ಚದರ ಮೀಟರ್, ಒಳಗೆ 20, ಹೊರಗೆ 0 ಡಿಗ್ರಿ ಆದರೆ 400 ವಾಟ್ ಹೋಗುತ್ತಿದೆ.

ಇದಕ್ಕೆ 50 ಮಿ.ಮೀ. ರಾಕ್ ವೂಲ್, ಅಂದರೆ ಶಾಖ ತಡೆಯುವ ಕಲ್ಲಿನ ನಾರಿನ ಹೊದಿಕೆ (ಇನ್ಸುಲೇಷನ್) ಹಾಕೋಣ. ವಾಹಕತೆ 0.04, ಅಂದರೆ ಆರ್ 1.25 ಸೇರಿತು. ಒಟ್ಟು 1.75, ಯು 0.57, ನಷ್ಟ 114 ವಾಟ್. ಇನ್ನೂ 50 ಮಿ.ಮೀ. ಹಾಕಿದರೆ? ಯು 0.33, ನಷ್ಟ 67 ವಾಟ್. ಮೊದಲ ಪದರ 286 ವಾಟ್ ಉಳಿಸಿತು, ಅಷ್ಟೇ ದಪ್ಪದ ಎರಡನೆಯದು ಉಳಿಸಿದ್ದು ಬರೀ 47. ಈ ಇಳಿಕೆಯನ್ನು ಮನಸ್ಸಿನಲ್ಲಿಡಿ.

ಅದೇ ಗೋಡೆಯಲ್ಲಿ 2 ಚದರ ಮೀಟರ್ ಕಿಟಕಿ ಇದೆ, ಒಂಟಿ ಗಾಜು, ಯು ಸುಮಾರು 5.7 ಅಂದುಕೊಳ್ಳಿ. ಉಳಿದ 8 ಚದರ ಮೀಟರ್‌ಗೆ 100 ಮಿ.ಮೀ. ಇನ್ಸುಲೇಷನ್ ಹಾಕಿ ಆಗಿದೆ. ಗೋಡೆಯಿಂದ ಪ್ರತಿ ಡಿಗ್ರಿಗೆ 2.7 ವಾಟ್, ಕಿಟಕಿಯಿಂದ 11.4 ವಾಟ್. ಅಷ್ಟು ಚಿಕ್ಕ ಕಿಟಕಿ ಇಡೀ ಗೋಡೆಯ ನಾಲ್ಕು ಪಟ್ಟು ಶಾಖ ಬಿಟ್ಟುಕೊಡುತ್ತಿದೆ! ಎರಡನೇ ಪದರದ ಹಣ ಕಿಟಕಿಗೆ ಹೋಗಬೇಕಿತ್ತು ಅಲ್ವಾ? ಹಳೆಯ ಮನೆಯನ್ನು ನೋಡುವಾಗ ದಪ್ಪ ಏರಿಸುವುದಕ್ಕಿಂತ ದುರ್ಬಲ ಜಾಗ ಹುಡುಕುವುದು ಮುಖ್ಯ ಎಂದು ನಾನು ನಂಬಿರುವುದು ಈ ಲೆಕ್ಕದಿಂದಲೇ.

ಹುಡುಕುವುದು ಹೇಗೆ? ಥರ್ಮಲ್ ಕ್ಯಾಮೆರಾ ಮೇಲ್ಮೈಯ ಬಿಸಿಯನ್ನಷ್ಟೇ ತೋರಿಸುತ್ತದೆ, ಗೋಡೆಯೊಳಗೆ ಇಣುಕುವುದಿಲ್ಲ. ಒಳಗೂ ಹೊರಗೂ ಸುಮಾರು 10 ಡಿಗ್ರಿ ವ್ಯತ್ಯಾಸ ಇರಬೇಕು. ಗೋಡೆಗೆ ಬಿಸಿಲು ಬಿದ್ದಿದ್ದರೆ ಚಿತ್ರ ದಾರಿ ತಪ್ಪಿಸುತ್ತದೆ, ಆದ್ದರಿಂದ ಸೂರ್ಯ ಹುಟ್ಟುವ ಮೊದಲು ನೋಡುವುದು ಒಳ್ಳೆಯದು. ಹೊಳೆಯುವ ಲೋಹ, ಗಾಜು ಇವುಗಳ ಮೇಲೆ ಕ್ಯಾಮೆರಾ ತೋರಿಸುವ ಅಂಕಿಯನ್ನು ನಂಬಬೇಡಿ. ಗಾಜಿನತ್ತ ತಿರುಗಿಸಿದರೆ ಅಲ್ಲಿ ಕಾಣುವ ಬಿಸಿ ಆಕೃತಿ ನೀವೇ ಆಗಿರಬಹುದು.

ಗಾಳಿಯ ಸೋರಿಕೆಗೆ ಬ್ಲೋವರ್ ಡೋರ್ ಪರೀಕ್ಷೆ. ಮುಂಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ, ಒಳಗೂ ಹೊರಗೂ 50 ಪ್ಯಾಸ್ಕಲ್ ಒತ್ತಡದ ವ್ಯತ್ಯಾಸ ತರುತ್ತಾರೆ. ಆಗ ಮನೆಯ ಗಾಳಿ ಗಂಟೆಗೆ ಎಷ್ಟು ಸಲ ಬದಲಾಗುತ್ತದೆ ಎಂಬುದೇ ಅಳತೆ. ಪ್ಯಾಸಿವ್ ಹೌಸ್ (ತುಂಬಾ ಕಡಿಮೆ ಶಕ್ತಿ ಬಳಸುವ ಮನೆ) ಮಾನದಂಡದಲ್ಲಿ ಹೊಸ ಮನೆಗೆ 0.6 ಮಿತಿ, ನವೀಕರಿಸಿದ ಹಳೆಯ ಮನೆಗೆ 1.0. ಫ್ಯಾನ್ ಓಡುತ್ತಿರುವಾಗಲೇ ಊದುಬತ್ತಿ ಹಿಡಿದು ಓಡಾಡಿ. ಸ್ವಿಚ್ ಬೋರ್ಡ್, ಚೌಕಟ್ಟಿನ ಅಂಚು, ಪೈಪ್ ಗೋಡೆ ದಾಟುವ ಜಾಗ, ಇಲ್ಲೆಲ್ಲ ಹೊಗೆ ಪಕ್ಕನೆ ವಾಲುತ್ತದೆ.

ಸೀಳು ಮುಚ್ಚುವುದು ಅಗ್ಗದ ಕೆಲಸ, ಬೇಗ ಫಲ ಕೊಡುತ್ತದೆ. ಆದರೆ ಸುಮ್ನೆ ಮುಚ್ಚುತ್ತಾ ಹೋಗಬಾರದು. ಒಲೆಯೋ ಗ್ಯಾಸ್ ಹೀಟರೋ ಕೋಣೆಯ ಗಾಳಿಯನ್ನೇ ಬಳಸಿ ಉರಿಯುತ್ತಿದ್ದರೆ, ಅದಕ್ಕೆ ಗಾಳಿ ಬರುವ ದಾರಿ, ಹೊಗೆ ಹೋಗುವ ದಾರಿ ಎರಡನ್ನೂ ಮೊದಲು ಖಚಿತ ಮಾಡಿಕೊಳ್ಳಿ. ಇಲ್ಲವಾದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದು ಪ್ರಾಣಕ್ಕೇ ಅಪಾಯ.

ಇನ್ನು ತೇವ. ಇದನ್ನು ಕೊನೆಗೆ ತಳ್ಳುವುದು ನನಗೆ ಸರಿ ಕಾಣುವುದಿಲ್ಲ, ಏಕೆಂದರೆ ಮನೆ ಹಾಳಾಗುವುದು ಇಲ್ಲೇ. ಒಳಗೆ 20 ಡಿಗ್ರಿ, ತೇವಾಂಶ ಶೇ. 60 ಇದ್ದರೆ ಇಬ್ಬನಿ ಬಿಂದು 12 ಡಿಗ್ರಿ. ಅದಕ್ಕಿಂತ ತಣ್ಣಗಿರುವ ಮೈಮೇಲೆ ನೀರು ಕೂರುತ್ತದೆ. ಬೂಷ್ಟಿಗೆ ಅಷ್ಟೂ ಬೇಕಿಲ್ಲ, ಮೇಲ್ಮೈಯ ಬಳಿ ತೇವಾಂಶ ಶೇ. 80 ದಾಟಿ ಹಾಗೇ ಇದ್ದರೆ ಸಾಕು. ಈ ಗಾಳಿಯಲ್ಲಿ ಅದು 15.4 ಡಿಗ್ರಿಯ ಮೈಮೇಲೆ ಆಗುತ್ತದೆ. ನಮ್ಮ ಹಳೆಯ ಗೋಡೆಯ ಒಳಮೈ ಎಷ್ಟಿದೆ? 20 ರಲ್ಲಿ 2.0 × 0.13 × 20 ಕಳೆಯಿರಿ: 14.8. ಬೂಷ್ಟು ಬರುವ ಗೋಡೆಯೇ. 50 ಮಿ.ಮೀ. ಪದರ ಹಾಕಿದ ಮೇಲೆ ಅದೇ ಲೆಕ್ಕದಲ್ಲಿ 18.5. ಈಗ ಒಣ.

ಗೋಡೆಗೆಲ್ಲ ಇನ್ಸುಲೇಷನ್ ಹಾಕಿ ಕಾಂಕ್ರೀಟ್ ತೊಲೆಯನ್ನು ಹಾಗೇ ಬಿಟ್ಟರೆ, ಅದು ಮಾತ್ರ ತಣ್ಣಗೆ ಉಳಿಯುತ್ತದೆ. ಇದೇ ಉಷ್ಣ ಸೇತುವೆ. ಜೊತೆಗೆ ಸೀಳುಗಳನ್ನೂ ಮುಚ್ಚಿರುವುದರಿಂದ ಸ್ನಾನ, ಅಡುಗೆಯ ಆವಿ ಒಳಗೇ ನಿಂತು ತೇವಾಂಶ ಏರುತ್ತದೆ. ಕಪ್ಪು ಕಲೆ ತೊಲೆಯ ಉದ್ದಕ್ಕೂ ಗೆರೆ ಎಳೆದಂತೆ ಮೂಡುತ್ತದೆ. ಆದ್ದರಿಂದ ಸೀಳು ಮುಚ್ಚುವ ಯೋಜನೆಯಲ್ಲೇ ಎಕ್ಸಾಸ್ಟ್ ಫ್ಯಾನ್ ಅಥವಾ ಬೇರೆ ಗಾಳಿ ವ್ಯವಸ್ಥೆಯೂ ಇರಬೇಕು. ಮೊದಲೇ ಒದ್ದೆಯಿರುವ ಗೋಡೆಗೆ ಏನನ್ನೂ ಹೊದಿಸಬೇಡಿ. ಸೋರುವ ಪೈಪ್, ಮಳೆನೀರು ಸರಿಪಡಿಸಿ, ಒಣಗಲು ಬಿಡಿ.

ಸೆಕೆಯ ಜಾಗದಲ್ಲೂ ಸೂತ್ರ ಇದೇ, ದಿಕ್ಕು ಮಾತ್ರ ತಿರುಗುಮುರುಗು. ಆದರೆ ಬಿಸಿಲಿಗೆ ಕಾದ ಚಾವಣಿ ಸುತ್ತಲ ಗಾಳಿಗಿಂತ ತುಂಬಾ ಬಿಸಿಯಾಗುವುದರಿಂದ ಕೆಲಸ ಅಲ್ಲಿಂದಲೇ ಶುರುವಾಗಬೇಕು. ಕಿಟಕಿಗೆ ನೆರಳು ಹೊರಗಡೆಯೇ ಇರಲಿ. ಒಳಗಿನ ಪರದೆ ತಡೆಯುವ ಹೊತ್ತಿಗೆ ಬಿಸಿಲು ಗಾಜು ದಾಟಿ ಬಂದಾಗಿರುತ್ತದೆ.

ಕೆಲಸ ಮುಗಿದ ಮೇಲೆ ಮತ್ತೊಮ್ಮೆ ಅಳೆಯಬೇಕು. ಬ್ಲೋವರ್ ಡೋರ್ ಪರೀಕ್ಷೆಯನ್ನು ಒಳಗಿನ ಫಿನಿಶಿಂಗ್‌ಗೆ ಮೊದಲೇ ಒಂದು ಸಲ ಮಾಡಿಸಿ. ಬೋರ್ಡ್ ಹೊಡೆದ ಮೇಲೆ ಸೀಳು ಕಂಡರೂ ಅಲ್ಲಿಗೆ ಕೈ ಹೋಗುವುದಿಲ್ಲ.