ಐದು ದಿನದ ರೇಡಿಯೇಶನ್, ಊರಿಗೆ ಹೋದ ಮೇಲೆ ಕೆಂಪಾಗುವ ಚರ್ಮ

ಸ್ತನ ಕ್ಯಾನ್ಸರ್‌ಗೆ ಕೊಡುವ ರೇಡಿಯೇಶನ್ ಐದೇ ದಿನಕ್ಕೆ ಮುಗಿಯುತ್ತದೆ ಎಂದರೆ, ಮುಂಬೈಗೆ ಬರುವ ನಮ್ಮ ಕಡೆಯವರಿಗೆ ಮೊದಲು ಬರುವುದು ಅನುಮಾನ. ಖುಷಿ ಆಮೇಲೆ. ಕಲಬುರಗಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದವರು, ಕರಾವಳಿಯಿಂದ ಮತ್ಸ್ಯಗಂಧ ಹಿಡಿದು ಬಂದವರು, ಡೊಂಬಿವಿಲಿಯಲ್ಲೇ ಮಕ್ಕಳನ್ನು ಬೆಳೆಸಿದ ಹೋಟೆಲಿನವರ ಮನೆಯವರು, ಎಲ್ಲರೂ ಇದನ್ನೇ ಕೇಳುತ್ತಾರೆ. ನಮ್ಮ ಅತ್ತಿಗೆಗೆ 25 ಸಲ ಕರೆಂಟ್ ಕೊಟ್ಟಿದ್ದರಲ್ಲ, ನನಗೆ ಯಾಕೆ ಐದೇ? ಇಂಡಿ ಕಡೆಯ ಒಬ್ಬ ಅಜ್ಜಿ ನೇರವಾಗಿಯೇ ಕೇಳಿದ್ದರು: "ಬಡವರು ಅಂತ ಕಮ್ಮಿ ಕೊಡಾಕತ್ತೀರೇನ್ರೀ?"

ಕೇಳಬೇಕಾದ ಪ್ರಶ್ನೆಯೇ. ಕಾಗದ ನೋಡಿದರೆ ಅನುಮಾನ ಇನ್ನೂ ಜಾಸ್ತಿಯಾಗುತ್ತದೆ. ಹಳೆಯ ಪದ್ಧತಿಯಲ್ಲಿ 25 ದಿನಕ್ಕೆ ಒಟ್ಟು 50 ಗ್ರೇ. ಮೂರು ವಾರದ ಪದ್ಧತಿಯಲ್ಲಿ 15 ದಿನಕ್ಕೆ 40 ಗ್ರೇ. ಐದು ದಿನದ್ದರಲ್ಲಿ ಬರೀ 26. ಕಿರಣದ ಪ್ರಮಾಣ ಅಳೆಯುವ ಲೆಕ್ಕ ಈ ಗ್ರೇ. ಒಟ್ಟು ಕಡಿಮೆಯಾದರೂ ಒಂದೊಂದು ದಿನದ ಪಾಲು ದೊಡ್ಡದು: 2 ಗ್ರೇ ಇದ್ದದ್ದು 5.2 ಗ್ರೇ ಆಗುತ್ತದೆ. ದಿನದ ಪಾಲು ದೊಡ್ಡದಾದಂತೆ ಒಂದೊಂದು ಗ್ರೇಯ ಪೆಟ್ಟೂ ಜೋರಾಗುತ್ತದೆ. ಹಾಗಾಗಿ 50ಕ್ಕೂ 26ಕ್ಕೂ ಸುಮ್ನೆ ಕೂಡಿಸಿ ಕಳೆದು ತಾಳೆ ಹಾಕಲು ಬರುವುದಿಲ್ಲ.

ಮೊದಲು ಯಾಕೆ ಅಷ್ಟು ದಿನ ಎಳೆಯುತ್ತಿದ್ದರು? ಸಣ್ಣ ಸಣ್ಣ ಪಾಲು ಕೊಟ್ಟರೆ ಒಳ್ಳೆಯ ಜೀವಕೋಶಗಳು ಮಧ್ಯೆ ಚೇತರಿಸಿಕೊಳ್ಳುತ್ತವೆ, ಕ್ಯಾನ್ಸರ್ ಕೋಶಗಳಿಗೆ ಅದು ಅಷ್ಟಾಗಿ ಆಗುವುದಿಲ್ಲ ಎಂಬ ಲೆಕ್ಕ. ಎಷ್ಟೋ ಕ್ಯಾನ್ಸರ್‌ಗಳಲ್ಲಿ ಅದು ಈಗಲೂ ಸರಿ. ಆದರೆ ಸ್ತನದ ಕ್ಯಾನ್ಸರ್ ಸಣ್ಣ ಪಾಲಿಗೆ ತಾನೂ ಚೇತರಿಸಿಕೊಳ್ಳುತ್ತದೆ, ಹೆಚ್ಚುಕಡಿಮೆ ಪಕ್ಕದ ಒಳ್ಳೆಯ ಕೋಶಗಳಷ್ಟೇ. ಅಂದ ಮೇಲೆ ಐದು ವಾರ ಎಳೆದು ಲಾಭ ಏನು ಬಂತು? ಕೆನಡಾದಲ್ಲಿ 16 ದಿನದ ಪದ್ಧತಿ, ಬ್ರಿಟನ್ನಿನಲ್ಲಿ 15 ದಿನದ್ದು, ಎರಡನ್ನೂ ಹತ್ತು ವರ್ಷ ನೋಡಿದ ಮೇಲೂ ಐದು ವಾರದ್ದಕ್ಕಿಂತ ಹಿಂದೆ ಬೀಳಲಿಲ್ಲ.

ಐದು ದಿನದ್ದು ಬಂದದ್ದು ಬ್ರಿಟನ್ನಿನ ಫಾಸ್ಟ್-ಫಾರ್ವರ್ಡ್ ಅಧ್ಯಯನದಿಂದ. ನಾಲ್ಕು ಸಾವಿರಕ್ಕೂ ಹೆಚ್ಚು ಜನ, ಫಲಿತಾಂಶ ಹೊರಬಿದ್ದದ್ದು 2020ರಲ್ಲಿ, ಕೋವಿಡ್ ಲಾಕ್‌ಡೌನ್ ಮಧ್ಯೆ, ಆಸ್ಪತ್ರೆಗೆ ಒಂದು ಓಡಾಟ ತಪ್ಪಿದರೂ ಸಾಕಪ್ಪ ಎನ್ನುತ್ತಿದ್ದ ಹೊತ್ತಿನಲ್ಲಿ. ಐದು ವರ್ಷದೊಳಗೆ ಅದೇ ಸ್ತನದಲ್ಲಿ ಕಾಯಿಲೆ ಮರಳಿದ್ದು ಮೂರು ವಾರದವರಲ್ಲಿ 2.1 ಶೇಕಡಾ, 26 ಗ್ರೇ ಪಡೆದವರಲ್ಲಿ 1.4. ಇದೇ ಅಧ್ಯಯನದಲ್ಲಿ ಐದು ದಿನಕ್ಕೆ 27 ಗ್ರೇ ಕೊಟ್ಟ ಇನ್ನೊಂದು ಗುಂಪಿತ್ತು. ಒಂದೇ ಒಂದು ಗ್ರೇ ಹೆಚ್ಚು, ಆದರೆ ಸ್ತನ ಗಟ್ಟಿಯಾಗುವುದು, ಬಾವು ಇವೆಲ್ಲ ಅವರಲ್ಲಿ ಹೆಚ್ಚಾಗಿ ಕಂಡವು. "ಇಷ್ಟು ದೂರ ಬಂದಿದ್ದೇವೆ, ಇನ್ನೊಂದೆರಡು ಸಲ ಸೇರಿಸಿ ಕೊಟ್ಟುಬಿಡಿ ಸಾರ್" ಎನ್ನುವವರಿಗೆ ನಾನು ಹೇಳುವುದು ಈ 27ರ ಕಥೆಯನ್ನೇ.

ಹಾಗಂತ ಎಲ್ಲರಿಗೂ ಐದು ದಿನ ಅಲ್ಲ. ಆ ಅಧ್ಯಯನದಲ್ಲಿದ್ದ ಹೆಚ್ಚಿನವರದ್ದು ಬೇಗ ಪತ್ತೆಯಾದ ಕಾಯಿಲೆ, ಗಂಟು ಮಾತ್ರ ತೆಗೆದು ಸ್ತನ ಉಳಿಸಿದ್ದರು. ಪೂರ್ತಿ ಸ್ತನ ತೆಗೆದವರು ತೀರಾ ಕಡಿಮೆ. ನಮ್ಮಲ್ಲಿ ಹಾಗಲ್ಲ ಅಲ್ವಾ? ತಡವಾಗಿ ಬರುತ್ತಾರೆ, ಗಂಟು ದೊಡ್ಡದಾಗಿರುತ್ತದೆ, ಕಂಕುಳಿಗೂ ಹಬ್ಬಿರುತ್ತದೆ. ಕಂಕುಳು, ಕುತ್ತಿಗೆಯ ಬುಡಕ್ಕೂ ಕಿರಣ ಬೇಕಾದವರಿಗೆ ನಾನು ಮೂರು ವಾರವನ್ನೇ ಹೇಳುತ್ತೇನೆ. ಪಕ್ಕದ ಹಾಸಿಗೆಯವರಿಗೆ ಐದು, ನಿಮಗೆ 15 ಎಂದರೆ ನಿಮ್ಮ ಕಾಯಿಲೆ ಕೈಮೀರಿದೆ ಎಂದಲ್ಲ. ಕಿರಣ ಬೀಳಬೇಕಾದ ಜಾಗ ಬೇರೆ, ಅಷ್ಟೆ. ವಯಸ್ಸು ಚಿಕ್ಕದಿದ್ದರೆ ಗಂಟು ಇದ್ದ ಜಾಗಕ್ಕೆ ಬೂಸ್ಟ್ ಎಂದು ಇನ್ನಷ್ಟು ಕೊಡುವುದುಂಟು. ಅದನ್ನು ಬೇರೆಯಾಗಿ ಕೊಟ್ಟರೆ ಐದು ದಿನ ಎರಡು ವಾರಕ್ಕೆ ಹೋಗುತ್ತದೆ.

ರೂಮು ಮಾಡುವ ಮೊದಲು ಇನ್ನೊಂದು ವಿಷಯ ತಿಳಿದಿರಲಿ. ಐದು ದಿನದ ಚಿಕಿತ್ಸೆ ಎಂದರೆ ಐದು ದಿನದ ಮುಂಬೈ ಅಲ್ಲ. ಮೊದಲು ಸಿಟಿ ಸ್ಕ್ಯಾನ್, ಮೈಮೇಲೆ ಸಣ್ಣ ಚುಕ್ಕಿಗಳು, ಆಮೇಲೆ ಕಂಪ್ಯೂಟರಿನಲ್ಲಿ ಪ್ಲಾನಿಂಗ್, ಅದರ ಪರೀಕ್ಷೆ, ಮಶೀನಿನ ಸರದಿ. ಪರೇಲಿನ ಸುತ್ತ ರೂಮು ಸಿಗುವುದು, ದಾದರಿನ ಧರ್ಮಶಾಲೆಯಲ್ಲಿ ಜಾಗ ಸಿಗುವುದು ಎಷ್ಟು ಕಷ್ಟ ಎಂದು ಬಂದವರಿಗೇ ಗೊತ್ತು. ಸ್ಕ್ಯಾನ್ ಮುಗಿಸಿ ಊರಿಗೆ ಹೋಗಿ ಬರಬಹುದಾ ಎಂದು ಮೊದಲೇ ಕೇಳಿ. ಇನ್ನೂ ಮೊದಲು ಕೇಳಬೇಕಾದದ್ದು, ಇದು ಊರಿನ ಹತ್ತಿರವೇ ಆಗುತ್ತದಾ ಎಂದು. ಹುಬ್ಬಳ್ಳಿಯ ನವನಗರದಲ್ಲಿ, ಬೆಂಗಳೂರಿನ ಕಿದ್ವಾಯಿಯಲ್ಲಿ ರೇಡಿಯೇಶನ್ ಇದೆ. ಆಪರೇಶನ್ ಇಲ್ಲಿ ಆಯಿತು ಎಂದ ಮಾತ್ರಕ್ಕೆ ಕಿರಣವೂ ಇಲ್ಲೇ ಆಗಬೇಕೆಂದಿಲ್ಲ.

ಸ್ಕ್ಯಾನಿಗೆ ಬರುವಷ್ಟರಲ್ಲಿ ಕೈ ತಲೆಯ ಮೇಲೆ ಎತ್ತಲು ಬರಬೇಕು. ಆಪರೇಶನ್ ಆದ ಮೇಲೆ ನೋವೆಂದು ಕೈ ಮಡಚಿಕೊಂಡೇ ಇದ್ದವರಿಗೆ ಭುಜ ಹಿಡಿದಿರುತ್ತದೆ. ದಿನಾ ಗೋಡೆಗೆ ಬೆರಳಿಟ್ಟು ಮೇಲೆ ಮೇಲೆ ಸರಿಸುವ ವ್ಯಾಯಾಮ ಮಾಡಿ. ಎಡಗಡೆಯದಾದರೆ ಉಸಿರು ತುಂಬಿಕೊಂಡು ಹಿಡಿಯುವ ಅಭ್ಯಾಸವೂ ಇರುತ್ತದೆ, ಎದೆ ಉಬ್ಬಿದಾಗ ಹೃದಯ ಕಿರಣದಿಂದ ಸ್ವಲ್ಪ ದೂರ ಸರಿಯುತ್ತದೆ. ಮಶೀನಿನ ಕೋಣೆಯಲ್ಲಿ ಸ್ಪೀಕರಿನಿಂದ ಬರುವ ಮಾತು ಹೆಚ್ಚಾಗಿ ಹಿಂದಿ, ಮರಾಠಿ. ಹಿಂದಿ ಬಾರದಿದ್ದರೆ ಮೊದಲೇ ಹೇಳಿಬಿಡಿ, ಸಂಕೋಚ ಬೇಡ. "ಉಸಿರು ಹಿಡೀರಿ, ಬಿಡ್ರಿ" ಎರಡನ್ನು ನಮ್ಮ ಟೆಕ್ನಿಶಿಯನ್ ಹುಡುಗರು ಕಲಿತುಕೊಂಡಿದ್ದಾರೆ, ಉಚ್ಚಾರ ಕೇಳಿ ನಗು ಬಂದರೆ ಮಾತ್ರ ಉಸಿರು ತಪ್ಪುತ್ತದೆ.

ಕಿರಣ ಬೀಳುವುದು ಕೆಲವೇ ನಿಮಿಷ. ನೋವಿಲ್ಲ, ಬಿಸಿಯೂ ಇಲ್ಲ. ಹೊರಗೆ ಬಂದ ಮೇಲೆ ಮೈಯಲ್ಲಿ ಕಿರಣ ಉಳಿಯುವುದಿಲ್ಲ, ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು. ಮಳೆಗಾಲದಲ್ಲಿ ಹಿಂದ್ಮಾತಾದಲ್ಲಿ ನೀರು ನಿಂತು, ಲೋಕಲ್ ನಿಂತು ಒಂದು ದಿನ ತಪ್ಪಿದರೆ ಫೋನ್ ಮಾಡಿ. ತಪ್ಪಿದ್ದನ್ನು ಮುಂದೆ ಕೊಡುತ್ತೇವೆ, ಹೋಗಲಿ ಬಿಡಿ ಎಂದು ನೀವೇ ಬಿಡಬೇಡಿ. ಐದರಲ್ಲಿ ಒಂದು ಅಂದರೆ ಸಣ್ಣ ಪಾಲಲ್ಲ.

ಇಷ್ಟೆಲ್ಲ ಹೇಳಿದರೂ ನನಗೆ ಹೆಚ್ಚು ಫೋನ್ ಬರುವುದು ಎಲ್ಲ ಮುಗಿದ ಮೇಲೆ. ಐದು ವಾರ ಕೊಡುತ್ತಿದ್ದ ಕಾಲದಲ್ಲಿ ಚರ್ಮ ಕೆಂಪಾಗುವುದು, ಕಪ್ಪಾಗುವುದು ನಮ್ಮ ಕಣ್ಣ ಮುಂದೆಯೇ ಆಗುತ್ತಿತ್ತು, ವಾರಕ್ಕೊಮ್ಮೆ ನೋಡಿ ಮುಲಾಮು ಬರೆದುಕೊಡುತ್ತಿದ್ದೆವು. ಈಗ ಶುಕ್ರವಾರ ಐದನೆಯದು ಮುಗಿಯುತ್ತದೆ, ಚರ್ಮ ಚೆನ್ನಾಗಿಯೇ ಇರುತ್ತದೆ, ಅದೇ ರಾತ್ರಿ ರೈಲು. ಒಂದೆರಡು ವಾರದ ಮೇಲೆ ಊರಿನಲ್ಲಿ, ಎಲ್ಲ ಸರಿಹೋಯಿತು ಎಂದುಕೊಂಡ ಹೊತ್ತಿಗೆ, ಉರಿ ಶುರು. ಮನೆಯವರು ಗಾಬರಿಯಾಗಿ ಸೊಪ್ಪು ಅರೆದು ಹಚ್ಚುತ್ತಾರೆ. ಹಚ್ಚಬೇಡಿ. ಸೌಮ್ಯ ಸೋಪಿನಲ್ಲಿ ಸ್ನಾನ ಮಾಡಿ, ಉಜ್ಜದೆ ಮೆತ್ತಗೆ ಒತ್ತಿ ಒರೆಸಿ, ಡಾಕ್ಟರು ಹೇಳಿದ ಕ್ರೀಮ್ ಹಚ್ಚಿ. ಬಿಗಿ ರವಿಕೆ, ಬ್ರಾ ಕೆಲವು ವಾರ ಬೇಡ, ಹಳೆಯ ಮೆತ್ತನೆಯ ಹತ್ತಿ ಬಟ್ಟೆ ಸಾಕು. ಸ್ತನದ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತರೆ ಚರ್ಮ ಒಡೆಯುವುದು ಅಲ್ಲೇ ಮೊದಲು. ಸುಸ್ತು ಇರುತ್ತದೆ, ಸ್ವಲ್ಪ ದಿನಕ್ಕೆ ಹೋಗುತ್ತದೆ. ನೀರು ಒಸರಿದರೆ, ಜ್ವರ ಬಂದರೆ, ಕೆಂಪು ಹರಡುತ್ತಾ ಹೋದರೆ ಕಾಯಬೇಡಿ. ಆಸ್ಪತ್ರೆಗೆ ಫೋಟೋ ಕಳಿಸಲು ನಾಚಿಕೆಯಾಗುವುದು ಸಹಜ. ಮಗಳು, ಸೊಸೆ ಯಾರಿಗಾದರೂ ತೋರಿಸಿ, ಅವರೇ ಫೋನಿನಲ್ಲಿ ನಮಗೆ ವಿವರಿಸಲಿ.

ಕೆಲವರಿಗೆ ಕೆಲವು ತಿಂಗಳ ಮೇಲೆ ಒಣಕೆಮ್ಮು, ಏದುಸಿರು ಬರುವುದುಂಟು, ಅಪರೂಪಕ್ಕೆ. ಪಕ್ಕೆಲುಬು ಮುಟ್ಟಿದರೆ ನೋಯಬಹುದು. ಊರಿನ ಡಾಕ್ಟರಿಗೆ ನೀವು ಹೇಳದೆ ಇದು ರೇಡಿಯೇಶನ್ನಿನದ್ದು ಎಂದು ಹೊಳೆಯುವುದು ಕಷ್ಟ, ಟಿಬಿ ಎಂದು ಹೊರಟುಬಿಡಬಹುದು. ಆದ್ದರಿಂದ ಮುಗಿದ ದಿನ ಕೊಡುವ ಕಾಗದ ಕೇಳಿ ಇಸಿದುಕೊಳ್ಳಿ, ಮೊಬೈಲಿನಲ್ಲೂ ಒಂದು ಫೋಟೋ ಇಟ್ಟುಕೊಳ್ಳಿ. ಯಾವ ಕಡೆ, ಎಷ್ಟು ಗ್ರೇ, ಎಷ್ಟು ದಿನ, ಯಾವತ್ತು ಮುಗಿಯಿತು, ಎಲ್ಲ ಅದರಲ್ಲಿ ಇರುತ್ತದೆ.