ಆರು ಬೋಲ್ಟಿನ ಹಳೇ ಶೆವ್ರೊಲೆಗೆ ಐದು ಬೋಲ್ಟಿನ ವೀಲ್: ಅಡಾಪ್ಟರ್ ಸಾಕಾ, ಆಕ್ಸಲ್ಲೇ ಬದಲಾಯಿಸಬೇಕಾ?

ಪ್ರಶ್ನೆ: ನಾನು ಡಲ್ಲಾಸ್ ಹತ್ತಿರ ಇದ್ದೇನೆ. ಹೋದ ವರ್ಷ 1969ರ ಶೆವ್ರೊಲೆ ಸಿ10 ಪಿಕಪ್ ತಗೊಂಡೆ. ಅದರ ವೀಲಿಗೆ ಆರು ಬೋಲ್ಟ್. ನನಗೆ ಇಷ್ಟವಾದ, ಶೆವ್ರೊಲೆಯದೇ ಸ್ಟೀಲ್ ರ‍್ಯಾಲಿ ವೀಲ್‌ಗೆ ಐದೇ ತೂತು. ಆರನ್ನು ಐದಕ್ಕೆ ಹೊಂದಿಸುವ ಅಡಾಪ್ಟರ್ ಹಾಕಿದರೆ ಒಂದು ಮಧ್ಯಾಹ್ನದ ಕೆಲಸ ಅಂತಾರೆ. ಇನ್ನು ಕೆಲವರು ಆಕ್ಸಲ್ಲೇ ಬದಲಾಯಿಸು ಅಂತಾರೆ. ಯಾವುದು ಸರಿ?

ಉತ್ತರ: ನಿಮ್ಮ ಗಾಡಿಗೆ ನಾನು ಅಡಾಪ್ಟರ್ ಹಾಕುವುದಿಲ್ಲ. ಅಡಾಪ್ಟರ್ ಅಂದರೆ ಕೆಟ್ಟದ್ದು ಅಂತಲ್ಲ. ನಿಮ್ಮ 1969ರ ಗಾಡಿಯಲ್ಲಿ ನಾಲ್ಕೂ ಕಡೆ ಡ್ರಮ್ ಬ್ರೇಕ್ ಇರುತ್ತದೆ. ಅಡಾಪ್ಟರ್ ಹಾಕಿದರೆ ವೀಲ್ ಚೆಂದ ಕಾಣುತ್ತದೆ, ಬ್ರೇಕ್ ಮಾತ್ರ ಹಾಗೇ ಉಳಿಯುತ್ತದೆ. ವೀಲ್ ಕೂರುವ ನಡುಭಾಗ, ಅಂದರೆ ಹಬ್ ಸಮೇತ ಬದಲಾಯಿಸಿದರೆ ಐದು ಬೋಲ್ಟಿನ ಜೊತೆಗೆ ಮುಂದೆ ಡಿಸ್ಕ್ ಬ್ರೇಕೂ ಬರುತ್ತದೆ.

ಇದಕ್ಕೆ ಕಾರಣ ಶೆವ್ರೊಲೆಯ ಇತಿಹಾಸದಲ್ಲೇ ಇದೆ. 1967ರಿಂದ 1972ರವರೆಗೆ ಈ ಪಿಕಪ್‌ಗಳ ಬಾಡಿ ಹೆಚ್ಚುಕಮ್ಮಿ ಒಂದೇ. 1970ರವರೆಗೆ ಸಿ10ಗೆ ಆರು ಬೋಲ್ಟ್, ಬೋಲ್ಟುಗಳ ನಡುಮಧ್ಯ ಹಾದುಹೋಗುವ ವೃತ್ತದ ಅಡ್ಡಳತೆ ಐದೂವರೆ ಇಂಚು, ಅಂದರೆ 139.7 ಮಿ.ಮೀ. 1971ರಲ್ಲಿ ಕಂಪನಿ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕೊಟ್ಟಿತು. ಆಗಲೇ ಟೂ ವೀಲ್ ಡ್ರೈವ್ ಸಿ10ಗೆ ಐದು ಬೋಲ್ಟ್, ಐದು ಇಂಚಿನ ವೃತ್ತ ಬಂತು, ಅದು 127 ಮಿ.ಮೀ. ಫೋರ್ ವೀಲ್ ಡ್ರೈವ್ ಕೆ10 ಮಾತ್ರ ಆರು ಬೋಲ್ಟಿನಲ್ಲೇ ಮುಂದುವರಿಯಿತು. ನಿಮಗೆ ಬೇಕಾದ ಸಾಮಾನನ್ನು ನಿಮ್ಮ ಗಾಡಿಯ ತಮ್ಮನೇ ಹೊತ್ತುಕೊಂಡು ತಿರುಗುತ್ತಿದ್ದಾನೆ, ಅಲ್ವಾ?

ವೀಲ್‌ಗೆ ದುಡ್ಡು ಕೊಡುವ ಮೊದಲು ಅಳತೆ ನೋಡಿ. ಜಾಸ್ತಿ ಜನ ಎಡವುವುದು ಇಲ್ಲೇ. ಶೆವ್ರೊಲೆ ಕಾರುಗಳಿಗೂ ರ‍್ಯಾಲಿ ವೀಲ್ ಬರುತ್ತಿತ್ತು. ಕಮಾರೊ, ಶೆವೆಲ್‌ಗಳ ವೀಲ್‌ಗೂ ಐದೇ ತೂತು, ಆದರೆ ವೃತ್ತ ನಾಲ್ಕು ಮುಕ್ಕಾಲು ಇಂಚು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಆರು ತೂತಿನ ವೀಲ್‌ನಲ್ಲಿ ಎದುರುಬದುರು ತೂತುಗಳ ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆದರೆ ಆಯಿತು. ಐದರಲ್ಲಿ ಯಾವ ತೂತಿಗೂ ಎದುರು ತೂತಿಲ್ಲ. ಹಾಗಾಗಿ ಪಕ್ಕಪಕ್ಕದ ಎರಡು ತೂತು ಹಿಡಿಯಿರಿ. ಒಂದರ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ ವರ್ನಿಯರ್ ಇಟ್ಟು ಅಳೆಯಿರಿ. ಬಂದದ್ದನ್ನು 1.701ರಿಂದ ಗುಣಿಸಿದರೆ ವೃತ್ತದ ಅಳತೆ ಸಿಗುತ್ತದೆ. ಪಿಕಪ್ ವೀಲ್ ಆದರೆ ಗುಣಿಸುವ ಮೊದಲೇ, ಎರಡು ತೂತುಗಳ ನಡುವೆ ಸುಮಾರು 74.7 ಮಿ.ಮೀ. ಸಿಗಬೇಕು. 71ರ ಆಸುಪಾಸು ಬಂತು ಅಂದರೆ ಅದು ಕಾರಿನ ವೀಲ್. ಸುತ್ತಿಗೆಯಲ್ಲಿ ಬಡಿದು ಕೂರಿಸುವ ಯೋಚನೆಯೇ ಬೇಡ. ಹಬ್ಬಿನಿಂದ ಹೊರಚಾಚಿದ ಬೋಲ್ಟು, ಅಂದರೆ ಸ್ಟಡ್ ಓರೆಯಾಗಿ ಎಳೆದುಕೊಂಡು ಒಂದು ದಿನ ಮುರಿಯುತ್ತದೆ.

ಅಡಾಪ್ಟರ್ ಅಂದರೆ ದಪ್ಪನೆಯ ಅಲ್ಯೂಮಿನಿಯಂ ಬಿಲ್ಲೆ. ಅದರ ಆರು ತೂತು ನಿಮ್ಮ ಹಬ್‌ಗೆ ಕೂರುತ್ತವೆ, ಅದರದೇ ಐದು ಸ್ಟಡ್‌ಗೆ ಹೊಸ ವೀಲ್ ಕೂರುತ್ತದೆ. ಒಳಗಿನ ನಟ್‌ಗಳಿಗೆ ಜಾಗ ಬೇಕಲ್ಲ, ಅದಕ್ಕೇ ಅದು ತೆಳ್ಳಗಿರಲು ಸಾಧ್ಯವಿಲ್ಲ. ಒಂದೂಕಾಲು ಇಂಚಿನದು ಹಾಕಿದಿರಿ ಅಂತಿಟ್ಟುಕೊಳ್ಳಿ. ಎರಡೂ ಕಡೆ ಸೇರಿ ಗಾಡಿಯ ಅಗಲ ಎರಡೂವರೆ ಇಂಚು ಜಾಸ್ತಿ ಆಗುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಟೈರು ಮಡ್‌ಗಾರ್ಡ್ ಅಂಚಿಗೆ ಉಜ್ಜಬಹುದು. ಭಾರ ಹೊರಗೆ ಸರಿದಷ್ಟೂ ವೀಲ್ ಬೇರಿಂಗ್ ಮೇಲೆ ಒತ್ತಡ ಹೆಚ್ಚು.

ಇನ್ನೊಂದು ತೊಂದರೆ, ಒಳಗಿನ ನಟ್ ಕಣ್ಣಿಗೆ ಬೀಳುವುದೇ ಇಲ್ಲ. ಒಮ್ಮೆ ಗೆಳೆಯನ ಗಾಡಿಯ ಹಿಂದಿನ ಚಕ್ರದಿಂದ ಟಕ್ ಟಕ್ ಸದ್ದು ಬರುತ್ತಿತ್ತು. ಹೊರಗಿನ ನಟ್ ಎಲ್ಲ ಬಿಗಿಯಾಗೇ ಇದ್ದವು. ವೀಲ್ ಬಿಚ್ಚಿದೆವು. ಒಳಗಿನ ಆರರಲ್ಲಿ ಎರಡು ನಟ್ ಬೆರಳಲ್ಲೇ ತಿರುಗಿದವು. ಹಾಕಿದವರು ಇಂಪ್ಯಾಕ್ಟ್ ಗನ್ನಲ್ಲಿ ಬಿಗಿದು ಬಿಟ್ಟಿದ್ದರು, ಬಿಗಿತ (ಟಾರ್ಕ್) ಅಳೆದು ಬಿಗಿಯುವ ಟಾರ್ಕ್ ರೆಂಚ್ ಮುಟ್ಟಿಯೇ ಇರಲಿಲ್ಲ.

ಹಾಗಂತ ವೀಲ್ ಹೇಗೆ ಕಾಣುತ್ತದೆ ಅಂತ ನೋಡುವುದಕ್ಕೆ, ವಾರಕ್ಕೊಮ್ಮೆ ಹತ್ತಿರದಲ್ಲೇ ಓಡಿಸುವುದಕ್ಕೆ ಒಳ್ಳೆ ಅಡಾಪ್ಟರ್ ನಡೆಯುತ್ತದೆ. 6061-ಟಿ6 ದರ್ಜೆಯ ಅಲ್ಯೂಮಿನಿಯಂನದ್ದು, ಹಬ್‌ನ ನಡುಭಾಗಕ್ಕೆ ಸರಿಯಾಗಿ ಕೂರುವಂಥದ್ದು ತಗೊಳ್ಳಿ. ಹಬ್‌ನ ತುಕ್ಕು ಉಜ್ಜಿ ತೆಗೆದು, ತಯಾರಕರು ಹೇಳಿದ ಟಾರ್ಕ್‌ಗೇ ಬಿಗಿಯಿರಿ. 50ರಿಂದ 100 ಮೈಲಿ ಓಡಿಸಿದ ಮೇಲೆ ವೀಲ್ ಬಿಚ್ಚಿ ಒಳಗಿನ ನಟ್‌ಗಳನ್ನು ಮತ್ತೆ ನೋಡಿ. ಭಾರ ಹೇರುವುದು, ಟ್ರೇಲರ್ ಎಳೆಯುವುದು ಇದ್ದರೆ ಅಡಾಪ್ಟರ್ ಮಾತೇ ಬೇಡ.

ಈಗ ನಿಜವಾದ ಕೆಲಸಕ್ಕೆ ಬರೋಣ. ಮುಂದಿನ ಭಾಗಕ್ಕೆ ಎರಡು ದಾರಿ. ಐದು ಬೋಲ್ಟಿನ ಡಿಸ್ಕ್ ಕಿಟ್ ಹಾಕಬಹುದು. ಇಲ್ಲವೇ 1973–87ರ ಸಿ10ನಲ್ಲಿ ಮುಂದಿನ ಚಕ್ರಗಳ ಸಾಮಾನು ಹೊರುವ ಅಡ್ಡ ತೊಲೆ, ಅಂದರೆ ಕ್ರಾಸ್‌ಮೆಂಬರನ್ನೇ ಪೂರ್ತಿ ಇಳಿಸಿ ನಿಮ್ಮ ಫ್ರೇಮಿಗೆ ಕೂರಿಸಬಹುದು. ಅದನ್ನು ಬಹಳ ಜನ ಮಾಡಿದ್ದಾರೆ. ಯಾವುದೇ ಆದರೂ, ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಡಿಸ್ಕ್‌ಗೆ ಹೊಂದುವಂಥದ್ದೇ ಇರಬೇಕು. ಡ್ರಮ್ ಬ್ರೇಕಿಗೆ ಲೈನಿನಲ್ಲಿ ಸ್ವಲ್ಪ ಒತ್ತಡ ಹಿಡಿದಿಡುವ ವಾಲ್ವ್ ಇರುತ್ತದೆ. ಅದು ಡಿಸ್ಕಿನ ಲೈನಿನಲ್ಲೂ ಉಳಿದುಬಿಟ್ಟರೆ ಪ್ಯಾಡ್ ಸದಾ ತಾಗಿಕೊಂಡೇ ಇದ್ದು ಚಕ್ರ ಕಾಯುತ್ತದೆ. ಮುಂದೆ ಹಿಂದೆ ಒತ್ತಡ ಹಂಚುವ ಕಾಂಬಿನೇಶನ್ ವಾಲ್ವ್ ಕೂಡ ಬೇಕು.

ಹಿಂದಿನದಕ್ಕೆ ಇಡೀ ಆಕ್ಸಲ್ ತರುವುದಾದರೆ 1971–72ರದ್ದೇ ಹುಡುಕಿ. ಶೆವ್ರೊಲೆಯ ಈ ಗಾಡಿಗಳಲ್ಲಿ ಹಿಂದೆ ಸಾಮಾನ್ಯವಾಗಿ ಕಾಯಿಲ್ ಸ್ಪ್ರಿಂಗ್ ಇರುತ್ತದೆ. 1973ರ ನಂತರದ್ದು ಲೀಫ್ ಸ್ಪ್ರಿಂಗ್, ಅಂದರೆ ನಮ್ಮೂರ ಲಾರಿಗಳಲ್ಲಿರುವ ಪಟ್ಟಿ. ಅದನ್ನು ತಂದರೆ ಕೂರುವ ಜಾಗ ಕತ್ತರಿಸಿ ಬೆಸುಗೆ ಹಾಕಬೇಕು, ಡ್ರೈವ್ ಶಾಫ್ಟ್ ಆಕ್ಸಲ್ಲಿಗೆ ಸೇರುವ ಕೋನ (ಪಿನಿಯನ್ ಕೋನ) ಸರಿಯಿಡಬೇಕು.

ನಿಮ್ಮದು 12 ಬೋಲ್ಟಿನ ಹಿಂದಿನ ಆಕ್ಸಲ್ ಆಗಿದ್ದರೆ (ಈ 12 ವೀಲಿನದ್ದಲ್ಲ, ಆಕ್ಸಲ್ ಕವರಿನ ಬೋಲ್ಟುಗಳು) ಹೊರಗವಚ, ಅಂದರೆ ಹೌಸಿಂಗ್ ಹಾಗೇ ಬಿಟ್ಟು, ಒಳಗಿನ ಎರಡು ಶಾಫ್ಟ್ ಮಾತ್ರ ಐದು ಬೋಲ್ಟಿನವು ಹಾಕುವುದು ನನಗೆ ಇಷ್ಟ. ಜೊತೆಗೆ ಐದು ತೂತಿನ ಡ್ರಮ್ಮೂ ಬೇಕು. ಕವರ್ ತೆಗೆದು ಗೇರ್ ಆಯಿಲ್ ಇಳಿಸಿ. ಒಳಗಿನ ಅಡ್ಡ ಪಿನ್ನಿಗೆ ಒಂದು ಚಿಕ್ಕ ಲಾಕ್ ಬೋಲ್ಟ್ ಇದೆ, ಹಳೇದಾದರೆ ಮುರಿಯುವ ಸ್ವಭಾವ ಅದಕ್ಕೆ, ನಿಧಾನಕ್ಕೆ ಬಿಚ್ಚಿ. ಪಿನ್ ಎಳೆದು ಶಾಫ್ಟನ್ನು ಹೊರಗಿನಿಂದ ಒಳಕ್ಕೆ ತಳ್ಳಿದರೆ ಸಿ ಆಕಾರದ ಕ್ಲಿಪ್ ಕೈಗೆ ಬೀಳುತ್ತದೆ. ಆಮೇಲೆ ಶಾಫ್ಟ್ ಹೊರಗೆ ಜಾರುತ್ತದೆ. ಪಿನ್ ಹೊರಗಿರುವಾಗ ಯಾವ ಕಾರಣಕ್ಕೂ ಏನನ್ನೂ ತಿರುಗಿಸಬೇಡಿ, ಚಿಕ್ಕ ಗೇರ್‌ಗಳು ಉರುಳಿ ಹೊರಬರುತ್ತವೆ. ಬಿಚ್ಚಿದ ಮೇಲೆ ಬೇರಿಂಗ್, ಸೀಲ್ ಎರಡೂ ಹೊಸದು ಹಾಕಿಬಿಡಿ.

ಸ್ಟೆಪ್ನಿ ಮರೆಯಬೇಡಿ. ಕೆಲಸ ಮುಗಿದ ಮೇಲೆ ಹಳೇ ಆರು ತೂತಿನ ಸ್ಟೆಪ್ನಿ ಯಾವ ಚಕ್ರಕ್ಕೂ ಕೂರುವುದಿಲ್ಲ. ಮುಂದೆ ಐದು, ಹಿಂದೆ ಆರು ಇರುವ ಆ ನಡುವಿನ ದಿನಗಳಲ್ಲಿ ಹೆದ್ದಾರಿಗೆ ಇಳಿಯುವುದಾದರೆ ಎರಡೂ ಥರದ ಸ್ಟೆಪ್ನಿ ಹಿಂದುಗಡೆ ಹಾಕಿಕೊಂಡೇ ಹೊರಡಿ. ಹೇಗೂ ಪಿಕಪ್, ಜಾಗಕ್ಕೇನೂ ಕೊರತೆಯಿಲ್ಲ.