21 ಕಿ.ಮೀ. ಒಮ್ಮೆಯೂ ಓಡದೆ ಹಾಫ್ ಮ್ಯಾರಥಾನ್‌ಗೆ ಹೋಗಬಹುದಾ?

ಪ್ರಶ್ನೆ: ವಾರಕ್ಕೆ ಮೂರ್ನಾಲ್ಕು ದಿನ ಓಡುತ್ತೇನೆ. 10 ಕಿ.ಮೀ. ಒಂದು ಗಂಟೆಯಲ್ಲಿ ಮುಗಿಸುತ್ತೇನೆ. ಹತ್ತಿರದಲ್ಲೇ ನಡೆಯುವ ಹಾಫ್ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೇನೆ, ಇನ್ನು 10 ವಾರ ಇದೆ. ಅಷ್ಟರೊಳಗೆ ಒಮ್ಮೆಯಾದರೂ ಪೂರ್ತಿ 21 ಕಿ.ಮೀ. ಓಡಿ ನೋಡಲೇಬೇಕಾ? ಇಲ್ಲದಿದ್ದರೆ ಅವತ್ತು ಕಾಲು ಕೈಕೊಟ್ಟುಬಿಡುತ್ತೇನೋ ಅಂತ ಭಯ.

ಉತ್ತರ: ಬೇಕಾಗಿಲ್ಲ. ವಾರಕ್ಕೊಂದು ಲಾಂಗ್ ರನ್ (ಆ ವಾರದ ಎಲ್ಲಕ್ಕಿಂತ ಉದ್ದದ ಓಟ) ಮಾಡುತ್ತಾ 16ರಿಂದ 18 ಕಿ.ಮೀ. ತನಕ ಬಂದರೆ ಸಾಕು. ಮಿಕ್ಕ ಮೂರರಿಂದ ಐದು ಕಿ.ಮೀ. ಅವತ್ತಿಗೇ ಇಟ್ಟುಕೊಳ್ಳಿ.

ದಮ್ಮು ಅನ್ನೋದು ಒಂದು ದೊಡ್ಡ ಓಟದಿಂದ ಬರುವುದಿಲ್ಲ, ವಾರಗಟ್ಟಲೆ ಓಡಿದ್ದು ಸೇರಿ ಸೇರಿ ಬರುತ್ತದೆ. ಅದೂ ಅಲ್ಲದೆ ಉಸಿರು ಪಳಗಿದಷ್ಟು ಬೇಗ ಮೂಳೆ, ಸ್ನಾಯುರಜ್ಜು ಪಳಗುವುದಿಲ್ಲ. ಹಾಗಾಗಿ 'ಇನ್ನೂ ಓಡಬಲ್ಲೆ' ಅನಿಸುವ ಹೊತ್ತಿಗೇ ಮೊಣಕಾಲಿನ ಕೆಳಗಿನ ಮೂಳೆ ನೋಯಲು ಶುರುವಾಗಿರುತ್ತದೆ. ಹೊಸಬರು ಪ್ರಾಕ್ಟೀಸಿನಲ್ಲಿ 21 ಓಡಲು ಹೆಚ್ಚಾಗಿ ಎರಡೂವರೆ ಗಂಟೆಯಾದರೂ ಬೇಕು. ಅದರ ಸುಸ್ತಿಗೆ ಆ ವಾರದ ಉಳಿದ ಓಟಗಳೆಲ್ಲ ಹಾಳು. ಸುಮ್ನೆ ಯಾಕೆ? ಹಲವು ಹಾಫ್ ಮುಗಿಸಿ ಈಗ ಟೈಮಿಂಗ್ ಇಳಿಸಲು ಹೊರಟವರು 21ಕ್ಕಿಂತ ಜಾಸ್ತಿಯೂ ಓಡುತ್ತಾರೆ, ಅವರ ಲೆಕ್ಕ ಬೇರೆ.

ನಿಮ್ಮ 10 ವಾರಕ್ಕೆ ಲಾಂಗ್ ರನ್ ಹೀಗಿರಲಿ: 11, 12, 14, ಆಮೇಲೆ ಇಳಿಸಿ 10. ಮತ್ತೆ 15, 16, ಇಳಿಸಿ 12. ಎಂಟನೇ ವಾರ 18. ಒಂಬತ್ತನೇ ವಾರ ಮತ್ತೆ 12, ಹತ್ತರಲ್ಲಿ ಹಾಫ್. ಇಳಿಸುವ ವಾರಗಳನ್ನು ಹಾರಿಸಬೇಡಿ, ಕಾಲು ಗಟ್ಟಿಯಾಗುವುದೇ ಆಗ. ಲಾಂಗ್ ರನ್ನನ್ನು ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಿಕೊಂಡು ಓಡುವಷ್ಟು ನಿಧಾನ ಓಡಬೇಕು. 'ಹೂಂ', 'ಹಾಂ' ಅಷ್ಟೇ ಹೊರಡುತ್ತಿದ್ದರೆ ನೀವು ಜೋರಾಗಿ ಓಡುತ್ತಿದ್ದೀರಿ ಅಂತ ಅರ್ಥ. ಒಂದು ವಾರ ತಪ್ಪಿದರೆ ಮುಂದಿನ ವಾರ ಎರಡನ್ನೂ ಸೇರಿಸಿ ಓಡಲು ಹೋಗಬೇಡಿ. ಕುಂಟುವಂತೆ ಮಾಡುವ ನೋವಿದ್ದರೆ ಓಡಲೇಬೇಡಿ.

ನನ್ನನ್ನು ಕೇಳಿದರೆ, ಮೊದಲ ಹಾಫ್‌ನಲ್ಲಿ ಜನ ಕಷ್ಟಪಡುವುದು 18ರ ಆಚೆ ಓಡಿ ಗೊತ್ತಿಲ್ಲ ಅಂತಲ್ಲ, ಮೊದಲ ಐದು ಕಿ.ಮೀ. ಜೋರಾಗಿ ಓಡಿದ್ದಕ್ಕೆ. ಸ್ಟಾರ್ಟ್‌ನಲ್ಲಿ ಮೈಕು, ಹಾಡು, ಚಪ್ಪಾಳೆ, ಸುತ್ತ ಎಲ್ಲರೂ ನುಗ್ಗುತ್ತಿರುತ್ತಾರೆ, ಎರಡು ವಾರ ಕಡಿಮೆ ಓಡಿದ್ದರಿಂದ ನಿಮ್ಮ ಕಾಲೂ ಹಗುರ. ಸಣ್ಣ ಓಟಗಳಲ್ಲಿ ಇನ್ನೊಂದು ವಿಷಯ ಇದೆ. 10 ಕಿ.ಮೀ.ನವರು ಹೆಚ್ಚಾಗಿ ನಿಮ್ಮ ಜೊತೆಗೇ, ಇಲ್ಲವೇ ಸ್ವಲ್ಪ ಹಿಂದೆಮುಂದೆ ಹೊರಟಿರುತ್ತಾರೆ. ಅವರು ಓಡುತ್ತಿರುವುದು ನಿಮ್ಮ ಅರ್ಧ ದೂರ, ಅವರ ಹಿಂದೆ ಬಿದ್ದರೆ ಕೆಟ್ಟಿರಿ. ಅವರು ಯು-ಟರ್ನ್ ಹೊಡೆದು ವಾಪಸ್ ಹೋದ ಮೇಲೆ ರಸ್ತೆ ಒಮ್ಮೆಲೇ ಖಾಲಿಯಾಗುತ್ತದೆ. ಮುಂದೆ ದೂರದಲ್ಲಿ ಒಂದು ಟೀ-ಶರ್ಟ್, ಹಿಂದೆ ಯಾರದೋ ಶೂ ಸದ್ದು, ಅಷ್ಟೇ. ಆಗ ದಾರಿ ತಪ್ಪಿತೇನೋ ಅನ್ನೋ ಅನುಮಾನವೂ ಬರುತ್ತದೆ, ಅದಕ್ಕೇ ರೂಟ್ ಮ್ಯಾಪ್ ಮೊದಲೇ ನೋಡಿಟ್ಟುಕೊಳ್ಳಿ.

ಹಾಗಾದರೆ ಎಷ್ಟು ಪೇಸ್? ಪೀಟ್ ರೀಗಲ್ ಎಂಬ ಅಮೆರಿಕದ ಇಂಜಿನಿಯರ್ 1977ರಲ್ಲಿ ಒಂದು ಸೂತ್ರ ಕೊಟ್ಟರು, ಆನ್‌ಲೈನ್ ಕ್ಯಾಲ್ಕುಲೇಟರ್‌ಗಳಲ್ಲಿ ಇವತ್ತಿಗೂ ಅದು ಸಿಗುತ್ತದೆ. ದೂರ ಎರಡು ಪಟ್ಟಾದರೆ ಸಮಯ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ ಅನ್ನೋದು ಅದರ ತಿರುಳು. ನಿಮ್ಮ ಒಂದು ಗಂಟೆಯ 10 ಕಿ.ಮೀ.ಗೆ ಅದು ಹೇಳುವುದು ಸುಮಾರು 2 ಗಂಟೆ 12 ನಿಮಿಷ, ಅಂದರೆ ಕಿ.ಮೀ.ಗೆ 6 ನಿಮಿಷ 16 ಸೆಕೆಂಡು. ಆದರೆ ಇದು ಹಾಫ್‌ಗೆ ಚೆನ್ನಾಗಿ ಪಳಗಿದವರ ಲೆಕ್ಕ. ನೀವು ಕಿ.ಮೀ.ಗೆ 6 ನಿಮಿಷ 40 ಸೆಕೆಂಡಿನಂತೆ (6:40) ಶುರು ಮಾಡಿ. ಎಲ್ಲರೂ ದಾಟಿ ಹೋಗುತ್ತಾರೆ, ಹೋಗಲಿ ಬಿಡಿ. 15 ಕಿ.ಮೀ. ಆದ ಮೇಲೂ ಮಾತಾಡುವಷ್ಟು ಉಸಿರಿದ್ದರೆ ಆಗ ಜೋರು ಮಾಡಿ. ಇಡೀ ದಾರಿ 6:40ರಲ್ಲೇ ಓಡಿದರೂ 2 ಗಂಟೆ 21 ನಿಮಿಷದ ಒಳಗೇ ಮುಗಿಯುತ್ತದೆ, ಮೊದಲ ಸಲಕ್ಕೆ ಅದೇನು ಕಡಿಮೆಯಲ್ಲ.

ಎರಡು ಗಂಟೆ ಮೀರುವ ಓಟ ಅಂದ ಮೇಲೆ ನಡುವೆ ಏನಾದರೂ ತಿನ್ನಲೇಬೇಕು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಅಂತ ಲೆಕ್ಕ. ಜೆಲ್ (ಓಡುತ್ತಲೇ ತಿನ್ನುವ ಸಿಹಿ ಪೇಸ್ಟ್) ಆಗಲಿ ಬೇರೆ ಏನೇ ಆಗಲಿ, ಲಾಂಗ್ ರನ್‌ಗಳಲ್ಲೇ ತಿಂದು ಹೊಟ್ಟೆ ಒಪ್ಪುತ್ತದಾ ನೋಡಿ. ಶೂ, ಸಾಕ್ಸಿನದೂ ಅದೇ ಕಥೆ, ಅವತ್ತು ಹೊಸದು ಯಾವುದೂ ಬೇಡ. ನೀರು ಬಾಯಾರಿದಷ್ಟು ಕುಡಿಯಿರಿ. ಸಿಕ್ಕ ಸಿಕ್ಕ ನೀರಿನ ಸ್ಟೇಷನ್‌ನಲ್ಲೆಲ್ಲ ಹೊಟ್ಟೆ ತುಂಬಾ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅದೇ ಅಪಾಯವಾಗಬಹುದು. ಪೇಪರ್ ಲೋಟವಾದರೆ ಅಂಚನ್ನು ಹಿಂಡಿ ಮೂತಿ ಮಾಡಿಕೊಳ್ಳಿ, ಓಡುತ್ತಾ ಕುಡಿದರೂ ಮೂಗಿಗೆ ಹೋಗುವುದಿಲ್ಲ.

ಕಟ್-ಆಫ್, ಅಂದರೆ ಓಟ ಮುಗಿಸಲು ಕೊಡುವ ಗರಿಷ್ಠ ಸಮಯ, ಎಷ್ಟು ಅಂತ ಇವತ್ತೇ ನೋಡಿ. ಮೂರು ಗಂಟೆ ಇದ್ದರೆ ಕಿ.ಮೀ.ಗೆ ಎಂಟೂವರೆ ನಿಮಿಷದಂತೆ ಹೋದರೂ ಸಾಕು, ನಡುನಡುವೆ ನಡೆಯಲೂ ಟೈಮ್ ಇರುತ್ತದೆ. ಮತ್ತೆ, ವಾಚಿನಲ್ಲಿ 21.1 ಬಂತು, ಫಿನಿಶ್ ಇನ್ನೂ ಕಾಣುತ್ತಿಲ್ಲ ಅಂತ ಆಯೋಜಕರನ್ನು ಬೈಯಬೇಡಿ. ಹಾಫ್ ಅಂದರೆ 21.0975 ಕಿ.ಮೀ., ನಿಯಮದ ಪ್ರಕಾರ ಅದನ್ನು ಅಳೆಯುವುದು ತಿರುವುಗಳ ಒಳಅಂಚು ಹಿಡಿದು, ಅತಿ ಹತ್ತಿರದ ದಾರಿಯಲ್ಲಿ. ಹಾಗೆ ಯಾರೂ ಓಡುವುದಿಲ್ಲ ಅಲ್ವಾ? ಜಿಪಿಎಸ್ ಕೂಡ ಅಲ್ಲಲ್ಲಿ ತಪ್ಪು ತೋರಿಸುತ್ತದೆ. ಇನ್ನೂ ಇನ್ನೂರು ಮುನ್ನೂರು ಮೀಟರ್ ಓಡಬೇಕಾಗಬಹುದು ಅಂತ ಅಂದುಕೊಂಡೇ ಹೋಗಿ.